ಫಾಂಟಿಗೆ ಹೆಸರಿದೆ, ಕೈಗಿಲ್ಲ

ಕಂಪೆನಿಯೊಂದರ ಲಾಂಛನ ಕಂಡರೆ ಇಂದಿನ ಹುಡುಗರು ಮೊದಲು ಕೇಳುವುದು, ‘ಇದು ಯಾವ ಫಾಂಟು?’ ಎಂದು. ಕೊಳ್ಳೇಗಾಲದ ರೇಷ್ಮೆ ಅಂಗಡಿಯ ಹಳೆಯ ಬೋರ್ಡಿನ ಮುಂದೆ ನಾವು ಕೇಳಬೇಕಾದದ್ದು, ‘ಇದು ಯಾರ ಕೈ?’

ಪತ್ತೆಯ ದಾರಿ ಸರಳ. ‘ರೇಷ್ಮೆ ಸೀರೆ’ ಎಂಬಲ್ಲಿ ‘ರೆ’ ಎರಡು ಸಲ ಬರುತ್ತದೆ. ಎರಡೂ ಅವಳಿಗಳಂತಿದ್ದರೆ ಸಾಮಾನ್ಯವಾಗಿ ಅದು ಅಚ್ಚುಮೊಳೆ ಇಲ್ಲವೇ ಫಾಂಟು. ತಲೆಕಟ್ಟಿನ ಬಾಗು ಕೂದಲೆಳೆಯಷ್ಟು ಬೇರೆಯಾದರೆ ಕುಂಚ.

ಕಾಲವನ್ನು ವಿಳಾಸವೇ ಹೇಳುತ್ತದೆ. 1956ರವರೆಗೆ ಕೊಳ್ಳೇಗಾಲ ಮತ್ತು ಅದರೊಳಗಿದ್ದ ಹನೂರು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ಪಕ್ಕದ ಯಳಂದೂರು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತದ್ದು, ಮೈಸೂರು ಸಂಸ್ಥಾನದ್ದು. ಆಮೇಲೆ ಮೂರೂ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ. ‘ಬರಹ’ ತಂತ್ರಾಂಶ ಬಂದದ್ದು 1998ರಲ್ಲಿ. ಕೊಯಮತ್ತೂರಿನ ವಿಳಾಸವುಳ್ಳ ಚೀಟಿಯಲ್ಲಿ ಅದರ ಅಕ್ಷರ ಹುಡುಕುವುದು ವ್ಯರ್ಥ.

ಉರ್ದು ಓದಿದ ನಮಗೆ ಇದು ಹೊಸತಲ್ಲ. 1981ರಲ್ಲಿ ‘ನೂರಿ ನಸ್ತಾಲೀಖ್’ ಬಂದು ಆ ಲಿಪಿ ಯಂತ್ರಕ್ಕೆ ಒಗ್ಗುವ ತನಕ ಉರ್ದು ಪತ್ರಿಕೆಗಳ ಪುಟಗಳನ್ನು ಕಾತಿಬರು ಕೈಯಾರೆ ಬರೆಯುತ್ತಿದ್ದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವೂ 1843ರಲ್ಲಿ ಕಲ್ಲಚ್ಚಿನಲ್ಲೇ ಹೊರಬಂತು. ಅದರ ಅಕ್ಷರಗಳೂ ಮೊದಲು ಯಾರದೋ ಕೈಯಿಂದ ಮೂಡಿದವೇ.

ಲಿಪಿ ಎರಡಾದರೂ ಕೈಯ ಪಾಡು ಒಂದೇ. ನೂರಿಯ ಹೆಸರು ಉಳಿಯಿತು. ಕಾತಿಬರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ನಮ್ಮ ಸಣ್ಣ ಊರುಗಳ ಬೋರ್ಡು ಬರೆದವರದೂ ಅದೇ ಕಥೆ. ಫ್ಲೆಕ್ಸು ಕಟ್ಟಲು ಹಳೆಯ ಬೋರ್ಡು ಇಳಿಸುವಾಗ ಅದರ ಮೂಲೆಯನ್ನೊಮ್ಮೆ ನೋಡೋಣ. ಸಣ್ಣದೊಂದು ಸಹಿ ಇದ್ದರೆ ಬರೆದಿಟ್ಟುಕೊಳ್ಳೋಣ. ಊರಿನ ಚರಿತ್ರೆಗೆ ಅದೂ ಒಂದು ದಾಖಲೆ.