ಬ್ರಹ್ಮಗಿರಿಯ ಬಂಡೆಯಿಂದ ಮೊಬೈಲ್ ಪರದೆವರೆಗೆ: ಅಧಿಕಾರ ಏನು ಹೇಳುತ್ತೆ, ಏನು ಅಡಗಿಸುತ್ತೆ?

ಮೊಳಕಾಲ್ಮೂರಿನವರಾದ ನಮಗೆ ಪ್ರಭುತ್ವದ ಪ್ರಚಾರ ಹೊಸದಲ್ಲ. ನಮ್ಮ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರೂ ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಪತ್ತೆ ಮಾಡಿದರು. ತಂದೆತಾಯಿಯ ಮಾತು ಕೇಳಿ, ಜೀವಿಗಳ ಮೇಲೆ ದಯೆ ಇರಲಿ, ಸತ್ಯ ನುಡಿಯಿರಿ ಅಂತ ಅವು ಹೇಳುತ್ತವೆ. ಒಳ್ಳೆಯ ಮಾತೇ. ಆದರೆ ಇನ್ನೊಂದು ಸಂಗತಿ ನೋಡಿ. ಕಳಿಂಗ ಯುದ್ಧದ ಸಾವುನೋವಿಗೆ ಪಶ್ಚಾತ್ತಾಪ ಪಡುವ ಅಶೋಕನ 13ನೇ ಶಾಸನ, ಖುದ್ದು ಕಳಿಂಗದ ಧೌಲಿ ಮತ್ತು ಜೌಗಡದ ಬಂಡೆಗಳ ಮೇಲೆ ಇಲ್ಲ. ಅದರ ಬದಲು ಅಲ್ಲಿ ಬೇರೆ ಶಾಸನಗಳಿವೆ.

ಅಶೋಕನನ್ನು ಸರ್ವಾಧಿಕಾರಿ ಅಂತ ಕರೆಯೋದು ನನ್ನ ಉದ್ದೇಶವಲ್ಲ. ಅಧಿಕಾರದ ಮಾತು ಓದುವಾಗ ಏನಿದೆ ಅನ್ನೋದರಷ್ಟೇ ಏನಿಲ್ಲ ಅನ್ನೋದೂ ಮುಖ್ಯ ಅಂತ ನಾನು ಕಲಿತದ್ದು ಇಲ್ಲಿಂದ.

ಎರಡು ಕೈ, ಒಂದೇ ಕೆಲಸ

ಪ್ರಚಾರ ಮತ್ತು ಸೆನ್ಸಾರ್ ಬೇರೆ ಬೇರೆ ಅಂತ ನಾವು ಅಂದುಕೊಳ್ಳುತ್ತೇವೆ. ಸರ್ವಾಧಿಕಾರಕ್ಕೆ ಅವೆರಡೂ ಒಂದೇ ದೇಹದ ಎರಡು ಕೈ. ಒಂದು ಕೈ ಜಾಗ ಖಾಲಿ ಮಾಡುತ್ತೆ, ಇನ್ನೊಂದು ತುಂಬುತ್ತೆ. ನಾಜಿ ಜರ್ಮನಿ 1933ರಲ್ಲಿ ಮನೆಮನೆಗೂ ಅಗ್ಗದ ರೇಡಿಯೊ ತಲುಪಿಸೋಕೆ ಹೊರಟಿತು. 1939ರಲ್ಲಿ ಯುದ್ಧ ಶುರುವಾಗುತ್ತಿದ್ದಂತೆ ಅದೇ ರೇಡಿಯೊದಲ್ಲಿ ವಿದೇಶಿ ಕೇಂದ್ರ ಕೇಳೋದು ಅಪರಾಧವಾಯಿತು.

ನಮ್ಮದೇ 21 ತಿಂಗಳು

ಜರ್ಮನಿವರೆಗೆ ಹೋಗಬೇಕಿಲ್ಲ. 1975ರ ಜೂನ್ 25ರ ರಾತ್ರಿ ಇಂದಿರಾ ಗಾಂಧಿ ಸರ್ಕಾರ ತುರ್ತುಪರಿಸ್ಥಿತಿ ಹೇರಿತು. ಆ ರಾತ್ರಿಯೇ ದೆಹಲಿಯ ಬಹದ್ದೂರ್ ಷಾ ಜಫರ್ ಮಾರ್ಗದ ಪತ್ರಿಕಾ ಮುದ್ರಣಾಲಯಗಳಿಗೆ ಕರೆಂಟ್ ಹೋಯಿತು. ಆಮೇಲೆ ಒಂದೊಂದೇ ಬಾಗಿಲು ಮುಚ್ಚಿತು:

- ಸುದ್ದಿಗೆ ಸೆನ್ಸಾರ್ ಬಂತು. ಪ್ರತಿಭಟಿಸಿ ಪತ್ರಿಕೆಗಳು ಸಂಪಾದಕೀಯದ ಜಾಗ ಖಾಲಿ ಬಿಟ್ಟರೆ ಅದಕ್ಕೂ ಆಕ್ಷೇಪ. ಅಂದರೆ, ಬಾಯಿ ಮುಚ್ಚಿಸಿದ್ದಾರೆ ಅನ್ನೋದೂ ಜನರಿಗೆ ಕಾಣಬಾರದು.
- ಪ್ರೆಸ್ ಕೌನ್ಸಿಲ್ ರದ್ದಾಯಿತು. ಸಂಸತ್ತಿನ ಕಲಾಪ ವರದಿ ಮಾಡಲು ರಕ್ಷಣೆ ಕೊಡುತ್ತಿದ್ದ 1956ರ ಕಾಯ್ದೆಯೂ ಹೋಯಿತು.
- 1976ರಲ್ಲಿ ಪಿಟಿಐ, ಯುಎನ್‌ಐ, ಹಿಂದುಸ್ತಾನ್ ಸಮಾಚಾರ್, ಸಮಾಚಾರ್ ಭಾರತಿಗಳನ್ನು ಸೇರಿಸಿ 'ಸಮಾಚಾರ್' ಎಂಬ ಒಂದೇ ಸುದ್ದಿಸಂಸ್ಥೆ ಮಾಡಲಾಯಿತು. ಸುದ್ದಿಯ ನಲ್ಲಿ ಒಂದೇ ಆದರೆ ತಿರುಗಿಸೋದು ಸುಲಭ.
- ಪತ್ರಿಕೆಗಳನ್ನು ಸ್ನೇಹಿ, ತಟಸ್ಥ, ವಿರೋಧಿ ಅಂತ ವಿಂಗಡಿಸಿ ಸರ್ಕಾರಿ ಜಾಹೀರಾತು ಹಂಚಲಾಯಿತು.

ಖಾಲಿಯಾದ ಜಾಗಕ್ಕೆ 20 ಅಂಶಗಳ ಕಾರ್ಯಕ್ರಮ ಬಂತು. ಆಕಾಶವಾಣಿ, ದೂರದರ್ಶನ ಎರಡೂ ಸರ್ಕಾರದ ಕೈಯಲ್ಲೇ ಇದ್ದವು. 1977ರ ಫೆಬ್ರವರಿ 6ರಂದು ದೆಹಲಿಯಲ್ಲಿ ವಿರೋಧ ಪಕ್ಷಗಳ ಸಭೆ ಇತ್ತು. ಆ ಸಂಜೆ ದೂರದರ್ಶನ 'ಬಾಬಿ' ಸಿನಿಮಾ ಹಾಕಿತು. ಪ್ರಚಾರ ಅಂದರೆ ಭಾಷಣ ಮಾತ್ರ ಅಲ್ಲ, ಗಮನ ಬೇರೆ ಕಡೆ ಎಳೆಯೋದೂ ಪ್ರಚಾರವೇ.

ಬೆಂಗಳೂರಿನ ಜೈಲಿನಲ್ಲಿ ಒಬ್ಬ ಹೆಣ್ಣುಮಗಳು

ಇದರ ಬೆಲೆ ತೆತ್ತವರು ಯಾರು? 'ಸಂಸ್ಕಾರ' ಸಿನಿಮಾದ ಚಂದ್ರಿ ನಿಮಗೆ ನೆನಪಿರಬಹುದು. ಆ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ ಅವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರಿನ ಸೆಂಟ್ರಲ್ ಜೈಲಿಗೆ ಹಾಕಿದರು. ಅವರಿಗೆ ತೀವ್ರ ಅಸ್ತಮಾ ಇತ್ತು. ಎಂಟು ತಿಂಗಳ ನಂತರ, 1977ರ ಜನವರಿ 15ರಂದು, ಪೆರೋಲ್ ಮೇಲೆ ಬಿಟ್ಟರು. ಐದೇ ದಿನಕ್ಕೆ ಅವರು ತೀರಿಕೊಂಡರು. ದೇಶದಲ್ಲಿ ವಿಚಾರಣೆಯಿಲ್ಲದೆ ಒಳಗಿದ್ದವರು ಅವರೊಬ್ಬರೇ ಅಲ್ಲ. ಶಾ ಆಯೋಗದ ಲೆಕ್ಕದಲ್ಲಿ ಆ ಅವಧಿಯಲ್ಲಿ ಬಂಧಿತರಾದವರು 1 ಲಕ್ಷಕ್ಕೂ ಹೆಚ್ಚು.

ಎಲ್ಲರೂ ಸುಮ್ಮನಿರಲಿಲ್ಲ ಅನ್ನೋದನ್ನೂ ಹೇಳಬೇಕು. ಶಿವರಾಮ ಕಾರಂತರು ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣ ವಾಪಸ್ ಕೊಟ್ಟರು.

ಕಿವಿ ಮುಚ್ಚಿಕೊಂಡ ಯಂತ್ರ

ನಾನು ಇಂಜಿನಿಯರಿಂಗ್ ಓದಿದವನು. ಸೆನ್ಸರ್ ಕಿತ್ತು ಹಾಕಿದ ಯಂತ್ರಕ್ಕೆ ತಾನು ಬಿಸಿಯಾಗ್ತಿರೋದೇ ಗೊತ್ತಾಗಲ್ಲ. ಸೆನ್ಸಾರ್ ಮಾಡುವ ಸರ್ಕಾರದ ಗತಿಯೂ ಅದೇ. 1976-77ರಲ್ಲಿ ದೇಶದಲ್ಲಿ ಸುಮಾರು 81 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಉತ್ತರ ಭಾರತದಲ್ಲಿ ಒತ್ತಾಯದ ಶಸ್ತ್ರಚಿಕಿತ್ಸೆ ವಿರುದ್ಧ ಕುದಿಯುತ್ತಿದ್ದ ಸಿಟ್ಟು ಯಾವ ಪತ್ರಿಕೆಯಲ್ಲೂ ಸರಿಯಾಗಿ ಅಚ್ಚಾಗಲಿಲ್ಲ. 1977ರ ಮಾರ್ಚ್ ಚುನಾವಣೆಯಲ್ಲಿ ಉತ್ತರ ಪ್ರದೇಶದ 85, ಬಿಹಾರದ 54 ಕ್ಷೇತ್ರಗಳಲ್ಲಿ ಕಾಂಗ್ರೆಸ್‌ಗೆ ಸಿಕ್ಕಿದ್ದು ಸೊನ್ನೆ.

ಕರ್ನಾಟಕದಲ್ಲಿ? 28ರಲ್ಲಿ 26 ಕಾಂಗ್ರೆಸ್ ಗೆದ್ದಿತು. ಇದನ್ನು ಸೆನ್ಸಾರ್ ಒಂದರ ತಲೆಗೆ ಕಟ್ಟೋದು ತಪ್ಪು. ದೇವರಾಜ ಅರಸರ ಭೂಸುಧಾರಣೆ ಇತ್ತು, ಸಂತಾನಹರಣದ ಬಲವಂತ ಇಲ್ಲಿ ಉತ್ತರದಷ್ಟು ಇರಲಿಲ್ಲ. ಆದರೂ ನನ್ನನ್ನು ಕಾಡುವ ಪ್ರಶ್ನೆ ಒಂದಿದೆ: ನಮ್ಮ ಮನೆ ಬಾಗಿಲಿಗೆ ಬರದ ನೋವು, ಪತ್ರಿಕೆಯಲ್ಲೂ ಬರದಿದ್ದರೆ, ನಮಗೆ ಗೊತ್ತಾಗೋದು ಹೇಗೆ?

ಈಗ

ಇವತ್ತಿನ ಪರಿಸ್ಥಿತಿ 1975ರದ್ದೇ ಅಂತ ಹೇಳೋದು ಸೋಮಾರಿತನ. ಚುನಾವಣೆ ನಡೀತಿದೆ, ನಾನು ಇದನ್ನು ಬರೀತಿದೀನಿ, ನೀವು ಓದ್ತಿದೀರಿ. ಆದರೆ ಈಗ ಕರೆಂಟ್ ತೆಗೆಯೋ ಅಗತ್ಯವೇ ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 69ಎ ಅಡಿ ಕೇಂದ್ರ ಸರ್ಕಾರ ಪೋಸ್ಟು, ಖಾತೆಗಳನ್ನು ತಡೆಯಬಹುದು. 2009ರ ನಿಯಮಗಳ ಪ್ರಕಾರ ಆ ದೂರು, ಕ್ರಮ ಎರಡೂ ಗೌಪ್ಯ. ಇಂಥ ಆದೇಶಗಳನ್ನು ಪ್ರಶ್ನಿಸಿದ ಟ್ವಿಟರ್‌ನ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2023ರ ಜೂನ್ 30ರಂದು 50 ಲಕ್ಷ ರೂಪಾಯಿ ದಂಡದೊಂದಿಗೆ ವಜಾ ಮಾಡಿತು. 1975ರಲ್ಲಿ ಖಾಲಿ ಸಂಪಾದಕೀಯವಾದರೂ ಕಣ್ಣಿಗೆ ಬಿತ್ತು. ಫೀಡ್‌ನಲ್ಲಿ ಖಾಲಿ ಜಾಗ ಅನ್ನೋದೇ ಇಲ್ಲ. ಒಂದು ಪೋಸ್ಟು ಹೋದ ಕಡೆ ಇನ್ನೊಂದು ರೀಲ್ಸ್ ಬಂದು ಕೂರುತ್ತೆ.

ಹಾಗಾಗಿ ಯಾವ ಪಕ್ಷದ ಸರ್ಕಾರವೇ ಇರಲಿ, ಮೂರು ಪ್ರಶ್ನೆ ಕೇಳ್ತಾ ಇರಿ. ಈ ಸುದ್ದಿಯ ಖರ್ಚು ಯಾರದ್ದು? ಇದರಲ್ಲಿ ಯಾರ ಮಾತು ಇಲ್ಲ? ತಡೆದಿದ್ದರೆ, ತಡೆದ ಆದೇಶವನ್ನು ನಾನು ಓದಬಹುದಾ?

ಸತ್ಯ ನುಡಿಯಿರಿ ಅಂತ ಬ್ರಹ್ಮಗಿರಿಯ ಬಂಡೆ ಪ್ರಜೆಗಳಿಗೆ ಹೇಳಿತ್ತು. ಅದೇ ಮಾತನ್ನು ಪ್ರಜೆಗಳು ಸರ್ಕಾರಕ್ಕೆ ತಿರುಗಿ ಹೇಳಲು ಸಾಧ್ಯವಾಗೋದೇ ಪ್ರಜಾಪ್ರಭುತ್ವ.