ಮೀನುಗಳ ಸಂತಾನೋತ್ಪತ್ತಿ ಚಕ್ರ ಹಾಗೂ ರಾಸಾಯನಿಕಗಳ ಚಯಾಪಚಯ

ಪೀಠಿಕೆ:
ಕೆರೆ, ಜಲಾಶಯ ಹಾಗೂ ಕೊಳಗಳಿಗೆ ಹರಿದು ಬರುವ ಕೀಟನಾಶಕ ಮತ್ತು ಕೈಗಾರಿಕಾ ತ್ಯಾಜ್ಯಗಳು ಕಿವಿರು, ಚರ್ಮ ಹಾಗೂ ಆಹಾರದ ಮೂಲಕ ಮೀನಿನ ದೇಹವನ್ನು ಸೇರುತ್ತವೆ. ಇವುಗಳನ್ನು ಮಾರ್ಪಡಿಸಿ ಹೊರಹಾಕುವಲ್ಲಿ ಯಕೃತ್ತಿನ ಸೈಟೋಕ್ರೋಮ್ ಪಿ-450 ಎಂಬ ಕಿಣ್ವ ಸಮೂಹವು ಪ್ರಮುಖ ಪಾತ್ರ ವಹಿಸುತ್ತದೆ. ಈ ಕಿಣ್ವಗಳ ಪ್ರಮಾಣವು ನೀರಿನ ಉಷ್ಣಾಂಶ, ಮೀನಿನ ಲಿಂಗ ಹಾಗೂ ಸಂತಾನೋತ್ಪತ್ತಿಯ ಹಂತಕ್ಕನುಗುಣವಾಗಿ ಬದಲಾಗುತ್ತಿರುತ್ತದೆ.

ಹೆಣ್ಣು ಮೀನುಗಳಲ್ಲಿ:
ಅಂಡಾಶಯವು ಬಲಿಯುವ ಕಾಲದಲ್ಲಿ ಎಸ್ಟ್ರಡೈಯೋಲ್ ಹಾರ್ಮೋನು ಅಧಿಕಗೊಂಡು, ಯಕೃತ್ತು ವೈಟೆಲೋಜೆನಿನ್ ಎಂಬ ಪ್ರೋಟೀನನ್ನು ಉತ್ಪಾದಿಸುತ್ತದೆ. ಇದು ರಕ್ತದ ಮೂಲಕ ಅಂಡಾಶಯವನ್ನು ಸೇರಿ ಮೊಟ್ಟೆಯ ಭಂಡಾರವಾಗುತ್ತದೆ. ಇದೇ ಹಾರ್ಮೋನು ಸಿವೈಪಿ-1ಎ ಮುಂತಾದ ಕೆಲವು ಕಿಣ್ವಗಳನ್ನು ತಗ್ಗಿಸುತ್ತದೆ. ಕೊಬ್ಬಿನಲ್ಲಿ ಕರಗುವ ಡಿಡಿಟಿಯಂತಹ ವಸ್ತುಗಳು ಕೊಬ್ಬಿನೊಡನೆ ಮೊಟ್ಟೆಗೂ ವರ್ಗಾವಣೆಯಾಗುತ್ತವೆ.

ಗಂಡು ಮೀನುಗಳಲ್ಲಿ:
ರೇನ್‌ಬೋ ಟ್ರೌಟ್ ಮುಂತಾದ ತಳಿಗಳಲ್ಲಿ ಪ್ರೌಢ ಗಂಡುಗಳ ಯಕೃತ್ತಿನಲ್ಲಿ ಪಿ-450 ಪ್ರಮಾಣವು ಹೆಣ್ಣುಗಳಿಗಿಂತ ಹೆಚ್ಚಾಗಿರುವುದು ಕಂಡುಬಂದಿದೆ. ಆದರೆ ಹೆಚ್ಚಿನ ಕಿಣ್ವವು ಸದಾ ರಕ್ಷಣೆಯಲ್ಲ. ಕ್ಲೋರ್‌ಪೈರಿಫಾಸ್ ಕೀಟನಾಶಕವು ಇದೇ ಕಿಣ್ವಗಳಿಂದಲೇ ಹೆಚ್ಚು ವಿಷಕಾರಿಯಾದ ಆಕ್ಸಾನ್ ರೂಪಕ್ಕೆ ಮಾರ್ಪಡುತ್ತದೆ.

ಮರಿಗಳ ಮೇಲಿನ ಪರಿಣಾಮ:
ತಾಯಿ ಮೀನು ಆರೋಗ್ಯವಾಗಿ ಕಂಡರೂ ಮರಿಗಳು ಸಾಯಬಹುದು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲೇಕ್ ಟ್ರೌಟ್ ಮೀನುಗಳ ಬಗ್ಗೆ 1964ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊಟ್ಟೆಯಲ್ಲಿ ಡಿಡಿಟಿ ಸಂಗ್ರಹಗೊಂಡಿದ್ದ ಮರಿಗಳು ಹಳದಿ ಭಂಡಾರವು ಮುಗಿಯುವ ಹಂತದಲ್ಲಿ ಸತ್ತಿದ್ದವು. ಕಾಟ್ಲ, ರೋಹು ಮರಿಗಳಲ್ಲಿ ಈ ಹಂತವು ಮೊಟ್ಟೆಯೊಡೆದ ಸುಮಾರು 3 ದಿನಗಳಲ್ಲಿ ಬರುತ್ತದೆ.

ಗಂಡು ಮೀನಿನಲ್ಲಿ ವೈಟೆಲೋಜೆನಿನ್ ಕಂಡುಬಂದಲ್ಲಿ ನೀರಿಗೆ ಸ್ತ್ರೀ ಹಾರ್ಮೋನಿನಂತಹ ವಸ್ತು ಸೇರಿರುವ ಸೂಚನೆಯಾಗಿರುತ್ತದೆ. ಕೆನಡಾದ ಒಂದು ಪ್ರಾಯೋಗಿಕ ಸರೋವರಕ್ಕೆ 2001ರಿಂದ 2003ರವರೆಗೆ ಗರ್ಭನಿರೋಧಕ ಮಾತ್ರೆಗಳಲ್ಲಿನ ಎಥಿನೈಲ್ ಎಸ್ಟ್ರಡೈಯೋಲನ್ನು ಅತ್ಯಲ್ಪ ಪ್ರಮಾಣದಲ್ಲಿ ಸೇರಿಸಿದಾಗ, ಅಲ್ಲಿನ ಫ್ಯಾಟ್‌ಹೆಡ್ ಮಿನ್ನೋ ಮೀನುಗಳ ಸಂತತಿಯೇ ಕುಸಿಯಿತು.

ಮೀನು ಕೃಷಿಕರ ಗಮನಕ್ಕೆ:
1. ಕಾಟ್ಲ, ರೋಹು, ಮೃಗಾಲ್ ಮೀನುಗಳು ಮುಂಗಾರಿನಲ್ಲಿ ಮರಿ ಮಾಡುವುದರಿಂದ ಅವುಗಳ ಅಂಡಾಶಯವು ಅದಕ್ಕೆ ಮುಂಚಿನ ತಿಂಗಳುಗಳಲ್ಲಿಯೇ ಬಲಿಯುತ್ತದೆ. ಈ ಅವಧಿಯಲ್ಲಿ ತಳಿ ಮೀನುಗಳ ಕೊಳಕ್ಕೆ ಸಿಂಪರಣೆ ಮಾಡಿದ ಹೊಲಗದ್ದೆಗಳ ನೀರು ಸೇರದಂತೆ ಬದು ನಿರ್ಮಿಸತಕ್ಕದ್ದು.
2. ಸೈಪರ್‌ಮೆಥ್ರಿನ್ ಮುಂತಾದ ಕೀಟನಾಶಕಗಳು ಮೀನುಗಳಿಗೆ ತೀವ್ರ ವಿಷಕಾರಿಯಾಗಿದ್ದು, ಸಿಂಪರಣಾ ಯಂತ್ರ ಹಾಗೂ ಡಬ್ಬಿಗಳನ್ನು ಕೊಳದಲ್ಲಿ ತೊಳೆಯಬಾರದು.
3. ಮಾಲಿನ್ಯ ಪರೀಕ್ಷೆಗೆ ಮಾದರಿ ಪಡೆಯುವಾಗ ಗಂಡು, ಹೆಣ್ಣುಗಳನ್ನು ಪ್ರತ್ಯೇಕಿಸಿ, ಪಡೆದ ತಿಂಗಳನ್ನೂ ನಮೂದಿಸತಕ್ಕದ್ದು. ಮೊಟ್ಟೆ ತುಂಬಿದ ಹೆಣ್ಣು ಮೀನಿನ ಕಿಣ್ವ ಪರೀಕ್ಷೆಯೊಂದನ್ನೇ ಆಧರಿಸಿ ನೀರು ಶುದ್ಧವಾಗಿದೆಯೆಂದು ತೀರ್ಮಾನಿಸುವಂತಿಲ್ಲ.

ಹೆಚ್ಚಿನ ಮಾಹಿತಿಗಾಗಿ ಸಂಬಂಧಪಟ್ಟ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.