ಬೊಲೊನ್ಯದ ಇಬ್ಬರು ಹುಡುಗಿಯರು

1936ರ ಆಗಸ್ಟ್ 6. ಬರ್ಲಿನ್ ಒಲಿಂಪಿಕ್ಸಿನಲ್ಲಿ ಮಹಿಳೆಯರ 80 ಮೀಟರ್ ಹರ್ಡಲ್ಸ್ ಫೈನಲ್. ಓಟ ಮುಗಿದಾಗ ಮೊದಲ ನಾಲ್ವರಿಗೂ ಕೈಗಡಿಯಾರ ತೋರಿಸಿದ್ದು ಒಂದೇ ಸಮಯ: 11.7 ಸೆಕೆಂಡು. ಯಾರು ಮೊದಲು, ಯಾರು ಕೊನೆ ಎಂಬುದನ್ನು ಗುರಿಗೆರೆಯ ಕ್ಯಾಮೆರಾ ಹೇಳಬೇಕಾಯಿತು. ಇಟಲಿಯ ಒಂಡಿನಾ ವಲ್ಲಾ 11.748, ಜರ್ಮನಿಯ ಆನಿ ಸ್ಟಾಯರ್ 11.809, ಕೆನಡಾದ ಬೆಟ್ಟಿ ಟೇಲರ್ 11.811, ಇಟಲಿಯವಳೇ ಆದ ಕ್ಲಾಡಿಯಾ ಟೆಸ್ಟೋನಿ 11.818. ಒಲಿಂಪಿಕ್ ಚಿನ್ನ ಗೆದ್ದ ಇಟಲಿಯ ಮೊದಲ ಮಹಿಳೆ ಎಂದು ವಲ್ಲಾಳ ಹೆಸರು ಚರಿತ್ರೆ ಸೇರಿತು. ಟೆಸ್ಟೋನಿಗೆ ಕಂಚು ತಪ್ಪಿದ್ದು ಒಂದು ಸೆಕೆಂಡಿನ ಸಾವಿರದ ಏಳು ಭಾಗದಿಂದ. ನೆಲದ ಮೇಲೆ ಅಳೆದರೆ ಸುಮಾರು ಐದು ಸೆಂಟಿಮೀಟರ್.

ಇಬ್ಬರೂ ಬೊಲೊನ್ಯ ನಗರದವರು, ಶಾಲೆಯ ದಿನಗಳಿಂದಲೇ ಒಬ್ಬರ ಬೆನ್ನಿಗೆ ಒಬ್ಬರು ಓಡಿ ಬೆಳೆದವರು. 1916ರಲ್ಲಿ ಹುಟ್ಟಿದ ವಲ್ಲಾಳ ನಿಜ ಹೆಸರು ಟ್ರೆಬಿಸೊಂಡಾ. ಅದು ಕಪ್ಪು ಸಮುದ್ರದ ದಡದ ಟ್ರಾಬ್ಜಾನ್ ಊರಿಗೆ ಇಟಾಲಿಯನ್ನರು ಕರೆಯುವ ಹೆಸರು. ಆ ಊರಿನ ಮೇಲಿನ ಮೋಹದಿಂದ ತಂದೆ ಮಗಳಿಗೆ ಇಟ್ಟದ್ದು. ಆದರೆ ಜನರ ಬಾಯಲ್ಲಿ ಉಳಿದದ್ದು ಒಂಡಿನಾ. ಹದಿಹರೆಯದಲ್ಲೇ ಓಟ, ಎತ್ತರ ಜಿಗಿತ, ಹರ್ಡಲ್ಸ್ ಎಲ್ಲದರಲ್ಲೂ ಅವಳು ದೇಶದ ಮುಂಚೂಣಿಯಲ್ಲಿದ್ದಳು.

1932ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೇ ಅವಳು ಹೋಗಬೇಕಿತ್ತು. ಹದಿನಾರರ ಹುಡುಗಿ, ಹಡಗಿನ ತುಂಬ ಗಂಡಸರು, ತಂಡದಲ್ಲಿ ಅವಳೊಬ್ಬಳೇ ಹೆಣ್ಣು ಎಂಬ ಕಾರಣ ಮುಂದೆ ಬಂತು. ಹೆಣ್ಣುಮಕ್ಕಳು ಸಾರ್ವಜನಿಕವಾಗಿ ಸ್ಪರ್ಧಿಸುವುದಕ್ಕೆ ಹನ್ನೊಂದನೇ ಪೋಪ್ ಪಿಯುಸರ ವಿರೋಧವೂ ಇತ್ತು. ಅವಳು ಮನೆಯಲ್ಲೇ ಉಳಿದಳು. ಮುಸೊಲಿನಿಯ ಆಡಳಿತದ ಇಬ್ಬಂದಿ ಇಲ್ಲಿ ಎದ್ದು ಕಾಣುತ್ತದೆ. ಹೆಣ್ಣು ಮನೆಯಲ್ಲಿದ್ದು ಮಕ್ಕಳನ್ನು ಹೆರಬೇಕೆಂದು ಅದು ಸಾರುತ್ತಿತ್ತು. ದೇಶದ ಹೆಸರು ಮೆರೆಸಲು ಪದಕಗಳೂ ಅದಕ್ಕೆ ಬೇಕಿದ್ದವು. ನಾಲ್ಕು ವರ್ಷಗಳ ಬಳಿಕ ಅದೇ ಹುಡುಗಿ ಸೆಮಿಫೈನಲ್ಲಿನಲ್ಲಿ 11.6 ಸೆಕೆಂಡಿನ ವಿಶ್ವದಾಖಲೆ ಸರಿಗಟ್ಟಿ, ಮರುದಿನ ಚಿನ್ನ ಗೆದ್ದಾಗ, ಗೆಲುವನ್ನು ತನ್ನದೆನ್ನಲು ಆಡಳಿತಕ್ಕೆ ಯಾವ ಸಂಕೋಚವೂ ಆಗಲಿಲ್ಲ.

ಟೆಸ್ಟೋನಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. 1938ರಲ್ಲಿ ವಿಯೆನ್ನಾದಲ್ಲಿ ಅವಳು ಯುರೋಪಿನ ಚಾಂಪಿಯನ್ ಆದಳು. 1939ರಲ್ಲಿ 11.3 ಸೆಕೆಂಡು ಓಡಿ ವಿಶ್ವದಾಖಲೆ ಬರೆದಳು. ಲೋಕದಲ್ಲೇ ಅತಿ ವೇಗದ ಹರ್ಡಲ್ಸ್ ಓಟಗಾರ್ತಿ ಅವಳಾಗಿದ್ದ ಹೊತ್ತಿಗೆ ಯುದ್ಧ ಶುರುವಾಯಿತು, 1940ರ ಒಲಿಂಪಿಕ್ಸ್ ರದ್ದಾಯಿತು. ಅವಳು ಮದುವೆಯಾದದ್ದು ಲಾಂಗ್ ಜಂಪಿನ ಅರ್ತುರೊ ಮಫೈಯನ್ನು. ಬರ್ಲಿನ್ನಿನಲ್ಲಿ, ಜೆಸ್ಸಿ ಓವೆನ್ಸ್ ಗೆದ್ದ ಸ್ಪರ್ಧೆಯಲ್ಲಿ, ಅವನದೂ ನಾಲ್ಕನೇ ಸ್ಥಾನವೇ.

ವಲ್ಲಾ 1937ರಲ್ಲಿ ಎತ್ತರ ಜಿಗಿತದಲ್ಲಿ 1.56 ಮೀಟರ್ ದಾಟಿದಳು. ಆ ರಾಷ್ಟ್ರೀಯ ದಾಖಲೆ 1955ರವರೆಗೆ ಉಳಿಯಿತು. ಬಳಿಕ ವೈದ್ಯರೊಬ್ಬರನ್ನು ಮದುವೆಯಾಗಿ ಲಾಕ್ವಿಲಾ ಊರಿನಲ್ಲಿ ನೆಲೆಸಿದಳು. 1978ರಲ್ಲಿ ಅವಳ ಚಿನ್ನದ ಪದಕ ಕಳುವಾಯಿತು. 1984ರಲ್ಲಿ ಕ್ರೀಡಾ ಆಡಳಿತಗಾರ ಪ್ರಿಮೊ ನೆಬಿಯೊಲೊ ಅದರ ಪ್ರತಿಯೊಂದನ್ನು ಕೈಗಿತ್ತರು. 2006ರಲ್ಲಿ, ತೊಂಬತ್ತನೇ ವಯಸ್ಸಿನಲ್ಲಿ, ಅವಳು ತೀರಿಕೊಂಡಳು.

ಅಥ್ಲೆಟಿಕ್ಸಿನಲ್ಲಿ ಇಟಲಿಯ ಇನ್ನೊಬ್ಬ ಮಹಿಳೆಗೆ ಒಲಿಂಪಿಕ್ ಚಿನ್ನ ದಕ್ಕಲು 1980ರಲ್ಲಿ ಸಾರಾ ಸಿಮಿಯೋನಿ ಬರಬೇಕಾಯಿತು. ನಡುವೆ 44 ವರ್ಷ. ಇಷ್ಟು ದೀರ್ಘ ಕಾಲ ಒಂಟಿಯಾಗಿ ನಿಂತದ್ದರಿಂದಲೇ ವಲ್ಲಾಳ ಹೆಸರು ಇಟಲಿಗೆ ಮರೆಯಲಿಲ್ಲ. ಅದನ್ನು ಓದುವಾಗ ಅರ್ಧ ಮೀಟರ್ ಹಿಂದೆ, ಅದೇ ಊರಿನ ಇನ್ನೊಬ್ಬಳು ಓಡುತ್ತಿದ್ದಳೆಂಬುದನ್ನೂ ನೆನೆಯಬೇಕು. ಶಾಲೆಯ ಅಂಗಳದಿಂದ ಬರ್ಲಿನ್ನಿನವರೆಗೆ ವಲ್ಲಾಳಿಗೆ ನಿಧಾನವಾಗಲು ಬಿಡದವಳು ಅವಳೇ.